ಗಾಣದ ಮನೆಯ ಮೂಗು

ಶಿರಾ
10 ಫೆಬ್ರವರಿ 2025

ರಂಗೇಶ,

ಈ ಡಬ್ಬಿ ಕೊಡುವಾಗ ಬಸ್ಸಿನ ಕಂಡಕ್ಟರು "ಬಾಂಬೇನಮ್ಮಾ?" ಅಂತ ಕೇಳಿದರು. "ಕಡ್ಲೆಕಾಯಿ ಎಣ್ಣೆ. ತಿರುಮಣಿ ಗೇಟಲ್ಲಿ ಒಬ್ಬ ತಲೆಹರಟೆ ನಿಂತಿರ್ತಾನೆ, ಅವನ ಕೈಗೆ ಕೊಡಿ" ಅಂದೆ. ಆ ಗುರುತಿನ ಮೇಲೇ ನಿನ್ನನ್ನು ಹಿಡಿದಿರುತ್ತಾರೆ ಎಂದುಕೊಂಡಿದ್ದೇನೆ.

ಒಳಗೆ ನಾಲ್ಕು ಬಾಟಲಿ ಇವೆ. ನಾಲ್ಕೂ ಅಬ್ಬಾನ ಮರದ ಗಾಣದಲ್ಲಿ ಒಂದೇ ದಿನ ಆಡಿಸಿದ್ದು. ನಮ್ಮ ಕಷ್ಟ ನಿನಗೆ ಹೊಸದಲ್ಲ. ಬೇಸಿಗೆ ಬಂತೆಂದರೆ ನಮ್ಮ ಎಣ್ಣೆ ಎರಡು ತಿಂಗಳಿಗೇ ಕಮಟು ಹಿಡಿಯುತ್ತದೆ. ಗೊರವನಹಳ್ಳಿಯಲ್ಲಿ ನಿಪ್ಪಟ್ಟು ಕರಿದು ಬಸ್ಸಿಳಿದ ಭಕ್ತರಿಗೆ ಮಾರುವ ದಾಸಮ್ಮನ ಸಂಘ ಇದೆಯಲ್ಲ, ಈಗ ನಮಗೆ ಸಿಗಬಹುದಾದ ದೊಡ್ಡ ಗಿರಾಕಿ ಅದೊಂದೇ. ಅವರಿಗೆ ಮೂರು ತಿಂಗಳು ತಡೆಯುವ ಎಣ್ಣೆ ಬೇಕು. ಅಂಗಡಿ ಎಣ್ಣೆಗೆ ಹಾಕುವ ಬಿಳಿ ಪುಡಿಯನ್ನು ಚಿಟಿಕೆ ಬೆರೆಸಿದರೆ ತಡೆಯುತ್ತದೆ. ಅಳತೆ ಮೀರದಿದ್ದರೆ ಕಾನೂನಿನಲ್ಲೂ ಅಡ್ಡಿಯಿಲ್ಲ. ಆದರೆ ದಾಸಮ್ಮ, "ಏನವ್ವಾ ಗೌಹರು, ಪುಡಿ ಆಕಿರೋ ಎಣ್ಣೆ ಅಂಗ್ಡೀಲೇ ಸಿಗ್ತೈತೆ. ಅದ್ಕೆ ನಿಮ್ಮನೆ ಬಾಗ್ಲಿಗ್ಯಾಕೆ ಬರ್ಬೇಕು ನಾವು?" ಎಂದು ಎದ್ದೇ ಹೋದರು.

ಅಬ್ಬಾ ಕೈಚೆಲ್ಲಿದ್ದಾರೆ. ಬೆಂಗಳೂರು ರಸ್ತೆಯ ಯಾವುದೋ ದೊಡ್ಡ ಹೋಟೆಲಿನವರು ಗಾಣವನ್ನು ಕೇಳಿದ್ದಾರೆ, ಎಣ್ಣೆ ಆಡಿಸುವುದಕ್ಕಲ್ಲ, ಬಾಗಿಲಲ್ಲಿ ಶೋಗೆ ನಿಲ್ಲಿಸಿ ಹೂಕುಂಡ ಇಡುವುದಕ್ಕೆ. ಜೂನ್ ಮೊದಲ ವಾರ ಲಾರಿ ಕಳಿಸುತ್ತಾರಂತೆ. "ಪುಡಿ ಹಾಕೋದು ನನ್ ಕೈಲಾಗಲ್ಲ ಬೇಟಿ. ಕೆಟ್ಟ ಎಣ್ಣೆ ಮಾರೋದೂ ಆಗಲ್ಲ. ಹೋಗ್ಲಿ ಬಿಡು" ಎನ್ನುತ್ತಾರೆ. ಅಲ್ಲಿಯವರೆಗೆ ನನಗೆ ಸಮಯ ಕೊಟ್ಟಿದ್ದಾರೆ.

ನಿಮ್ಮಮ್ಮ ಬೆಣ್ಣೆ ಕಾಯಿಸುವಾಗ ವೀಳ್ಯದೆಲೆ ಹಾಕುತ್ತಿದ್ದರಲ್ಲ, ತುಪ್ಪ ಕೆಡಬಾರದೆಂದು? ನನಗೆ ಹೊಳೆದದ್ದು ಅಲ್ಲಿಂದ. ನೆರಳಲ್ಲಿ ಒಣಗಿಸಿದ ಎಲೆಗಳನ್ನು ಕಡಲೆಬೀಜದ ಜೊತೆಗೇ ಗಾಣಕ್ಕೆ ಹಾಕಿ ಆಡಿಸಿ, ಬಟ್ಟೆಯಲ್ಲಿ ಸೋಸಿದ್ದೇನೆ. ಯಾವ ಬಾಟಲಿಯಲ್ಲಿ ಏನಿದೆ ಎಂದು ಹೇಳುವುದಿಲ್ಲ. ಹೇಳಿದರೆ ಮೂಗು ಪಕ್ಷಪಾತ ಮಾಡುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, ವಾರಕ್ಕೊಮ್ಮೆ ಮುಚ್ಚಳ ತೆಗೆದು ಮೂಸಿ, ಬರೆದು ಕಳಿಸು. ಲ್ಯಾಬಿನ ಫೀಸು ಜಾಸ್ತಿ, ಕೊನೆಯಲ್ಲಿ ಒಂದೇ ಬಾಟಲಿ ಕಳಿಸುವುದು. ಯಾವುದೆಂದು ನಿನ್ನ ಮೂಗು ಹೇಳಬೇಕು. ಕಡಲೆಕಾಯಿ ರಾಶಿ ಮೂಸಿ ಯಾರ ಹೊಲದ್ದೆಂದು ಹೇಳುತ್ತಿದ್ದ ಮೂಗು ನಮ್ಮ ಗಾಣದ ಮನೆಯಲ್ಲಿ ಅದೊಂದೇ ಇತ್ತು. ಅದೂ ಸಂಬಳದ ಆಸೆಗೆ ನವೆಂಬರಿನಲ್ಲಿ ಪಾವಗಡದ ಸೋಲಾರ್ ಪಾರ್ಕಿಗೆ ಓಡಿಹೋಯಿತು.

ಫೋನಿನಲ್ಲಿ ಹೇಳಬೇಡ. ನಗುವ ಗೊಂಬೆ ಹಾಕಿ ತಪ್ಪಿಸಿಕೊಳ್ಳುತ್ತೀಯ. ತಾರೀಖು ಹಾಕಿ ಕಾಗದದಲ್ಲೇ ಬರಿ. ದಾಸಮ್ಮನಿಗೆ ತೋರಿಸುವ ಪುಸ್ತಕಕ್ಕೆ ಅಂಟಿಸಬೇಕು.

ಗೌಹರ್


ತಿರುಮಣಿ
16 ಫೆಬ್ರವರಿ 2025

ಶಿರಾ ಪಟ್ಟಣದ ಸಮಸ್ತ ಜಿಡ್ಡು ಪದಾರ್ಥಗಳ ಒಡತಿಯಾದ ಗೌಹರಕ್ಕನವರ ಸನ್ನಿಧಾನಕ್ಕೆ, ಸೋಲಾರ್ ಫಲಕ ತೊಳೆಯುವ ಇಲಾಖೆಯ ರಂಗೇಶನ ಅರಿಕೆ.

ವಿಷಯ: ನಾಲ್ವರು ಎಣ್ಣೆ ಮಹನೀಯರ ವಸತಿ ಹಾಗೂ ಯೋಗಕ್ಷೇಮ.

ಮಾನ್ಯರು ಬಸ್ಸಿನಿಂದ ಸುರಕ್ಷಿತವಾಗಿ ಇಳಿದರು. ತಲೆಹರಟೆ ಯಾರೆಂದು ಕಂಡಕ್ಟರು ಕೂಗಿ ಕೇಳಿದಾಗ ಗೇಟಿನಲ್ಲಿದ್ದ ಹನ್ನೊಂದು ಜನರೂ ನನ್ನ ಕಡೆ ಬೆರಳು ತೋರಿಸಿದ್ದನ್ನು ದಾಖಲೆಗಾಗಿ ತಿಳಿಸಲಾಗಿದೆ. ಮಹನೀಯರಿಗೆ ಪಶ್ಚಿಮದ ಕಿಟಕಿಯಲ್ಲಿ ಸ್ಥಾನ ನೀಡಿದ್ದೇನೆ. ನನ್ನ ರೂಮ್‌ಮೇಟ್ ತಿಮ್ಮರಾಜು ಗಡಿಯಾಚೆಯ ಮಡಕಶಿರಾದವನು, ಅರ್ಧ ಕನ್ನಡ ಅರ್ಧ ತೆಲುಗು. ನೋಡಿದವನೇ, "ಏಮ್ ರಾ ಇದಿ, ದೇವ್ರ ಮುಂದೆ ದೀಪ ಇಕ್ಕಲ್ಲ, ಎಣ್ಣೇನೇ ದೇವ್ರು ಮಾಡ್ಬುಟ್ಟೆ?" ಎಂದ.

ಅಕ್ಕ, ಇಲ್ಲಿ ನೆಲ ಕಾಣುವುದಿಲ್ಲ. ಆಕಾಶವನ್ನೇ ತುಂಡು ತುಂಡಾಗಿ ಕತ್ತರಿಸಿ ನೆಲಕ್ಕೆ ಹಾಸಿದ್ದಾರೆ. ನೀರು ಹೊಡೆದು ಫಲಕ ಒರೆಸುವಾಗ ಮೋಡಗಳು ನನ್ನ ಕೈಕೆಳಗೆ ನಡೆದು ಹೋಗುತ್ತವೆ. ಮಧ್ಯಾಹ್ನ ಮೂರಕ್ಕೆ ಬಿಸಿಲು ಕಿಟಕಿಗೆ ಬಂದರೆ, ಆ ನಾಲ್ಕು ಬಾಟಲಿಗಳಿಂದ ನಾಲ್ಕು ಹಳದಿ ಬೆಳಕು ಗೋಡೆಗೆ ಬಿದ್ದು, ಮೆಲ್ಲಗೆ ತೆವಳಿ, ನನ್ನ ಹಾಸಿಗೆ ದಾಟಿ, ತಿಮ್ಮರಾಜುವಿನ ಗೊರಕೆಯ ಮೇಲೆ ಹಾದು ಹೋಗುತ್ತವೆ. ಅದನ್ನು ನೋಡುತ್ತಾ ಮಲಗಿದರೆ ನಿಮ್ಮ ಗಾಣದ ಮೋಟಾರಿನ ಗುಂಯ್ ಶಬ್ದವೂ ಕೇಳಿಸಿದಂತಾಗಿ, ಎಚ್ಚರವೋ ಕನಸೋ ಎಂಬ ಬಗ್ಗೆ ಇಲಾಖೆಯಲ್ಲಿ ಗೊಂದಲ ಉಂಟಾಗುತ್ತಿದೆ.

ಮೊದಲ ಮೂಸುವಿಕೆಯ ವರದಿ: ನಾಲ್ವರೂ ಆರೋಗ್ಯವಾಗಿದ್ದಾರೆ.

ತಮ್ಮ ವಿಧೇಯ ಮೂಗು,
ರಂಗೇಶ್


ತಿರುಮಣಿ
9 ಮಾರ್ಚ್ 2025

ಎಣ್ಣೆಯೊಡತಿಯವರಿಗೆ,

ವಿಷಯ: ನಾಲ್ಕನೆಯ ವಾರದ ಘ್ರಾಣ ವರದಿ.

ಬಾಟಲಿ ಒಂದು: ಇವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮದುವೆಗೆ ಮಾತ್ರ ಹೊರಬರುವ ಹಳೆಯ ಕೋಟಿನ ಜೇಬಿನಂತೆ ಇದ್ದಾರೆ.

ಬಾಟಲಿ ಎರಡು: ನಿಮ್ಮ ಹಿತ್ತಲಲ್ಲಿ ಮಳೆ ಬರುವ ಮುಂಚೆ ಹಿಂಡಿ ಮೂಟೆಗಳ ಮೇಲೆ ಟಾರ್ಪಾಲು ಎಳೆಯುವಾಗ ಬರುತ್ತಿತ್ತಲ್ಲ, ಆ ಗಾಳಿ.

ಬಾಟಲಿ ಮೂರು: ಅಕ್ಕ, ಇದಕ್ಕೆ ಎದ್ದು ನಿಂತು ನಮಸ್ಕಾರ ಮಾಡಬೇಕು. ಹಸಿ ಕಡಲೆಕಾಯಿ ಕಿತ್ತ ದಿನ ಬದುವಿನಲ್ಲೇ ಒಣಸೊಪ್ಪು ಹೊತ್ತಿಸಿ ಸುಟ್ಟು, ಬೂದಿಯಿಂದ ಆರಿಸಿ ತಿನ್ನುತ್ತಿದ್ದೆವಲ್ಲ? ಕೈಗೆ ಮಸಿ, ಬಾಯಿಗೆ ಸಿಹಿ. ಆಮೇಲೆ ಗಾಣದ ಮನೆಗೆ ಓಡಿ ಬಂದರೆ ಚಾಚಾ ಮೊದಲ ಎಣ್ಣೆಯನ್ನು ಬೆಲ್ಲದ ಮೇಲೆ ತೊಟ್ಟಿಕ್ಕಿ ಕೊಡುತ್ತಿದ್ದರು. ಆ ಬೆಲ್ಲ ಕೈಯಲ್ಲಿ ಕರಗುವ ಮುಂಚಿನ ಘಳಿಗೆ, ಅದೇ ಬಾಟಲಿ ಮೂರು.

ಬಾಟಲಿ ನಾಲ್ಕು: ಕಚೇರಿಯ ಗುಮಾಸ್ತರಂತೆ ತಟಸ್ಥ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ.

ಈ ವರದಿ ಬರೆಯುವುದರಲ್ಲಿ ಮುಳುಗಿ ಒಲೆಯ ಮೇಲೆ ಹಾಲಿಟ್ಟಿದ್ದು ಮರೆತಿದ್ದೆ. ತಿಮ್ಮರಾಜು ಹೊರಗಿನಿಂದ ಓಡಿ ಬಂದು, "ಪಾಲು ಮಾಡಿಪೋಯಿಂದಿ ಕದರಾ! ಹಾಲು ಸೀದು ಗೇಟಿನ್ ತಂಕ ವಾಸ್ನೆ ಬಂದೈತೆ, ನಿನ್ ಮೂಗೇನ್ ಅಡ ಇಟ್ಟೀಯಾ?" ಎಂದು ಪಾತ್ರೆಯನ್ನು ನನ್ನ ಮುಂದೆ ಕುಕ್ಕಿದ. ವಿಜ್ಞಾನಕ್ಕಾಗಿ ಹಾಲಿನ ಬಲಿದಾನವಾಯಿತು.

ವಿಧೇಯ ಮೂಗು


ಶಿರಾ
16 ಮಾರ್ಚ್ 2025

ರಂಗೇಶ,

ರಂಜಾನಿನ ರೋಜಾ ನಡೆಯುತ್ತಿದೆ. ಹಸಿದ ಹೊಟ್ಟೆಯಲ್ಲಿ ನಿನ್ನ ಬೆಲ್ಲ, ಸುಟ್ಟ ಕಡಲೆಕಾಯಿ ಓದಿಸಿಕೊಂಡು ಅಬ್ಬಾ ಕಣ್ಣು ಮುಚ್ಚಿ ಕುಳಿತುಬಿಟ್ಟರು. "ಯೇ ಲಡ್ಕಾ... ಹುಡುಗ ಚೆನ್ನಾಗಿ ಬರೀತಾನಲ್ಲ" ಎಂದರು. ಎರಡು ಸಲ ಓದಿಸಿದರು.

ಈ ಬಸ್ಸಿಗೆ ಐದನೆಯ ಬಾಟಲಿ ಕಳಿಸಿದ್ದೇನೆ. ಇದೂ ಒಂದು ಪ್ರಯತ್ನ. ಉಳಿದವುಗಳ ಪಕ್ಕದಲ್ಲೇ ಇಡು, ಮೂಸಿ ಬರಿ.

ಒಂದು ಕೇಳಬೇಕು. ಆ ತಿರುಮಣಿಯಲ್ಲಿ ಏನು ವಾಸನೆ? ಗಾಜಿಗೆ ನೀರು ಬಿದ್ದಾಗ? ನಿಮ್ಮ ಕ್ಯಾಂಟೀನಿನಲ್ಲಿ? ನೀನು ಯಾವ ಊರಿಗೆ ಹೋದರೂ ಮೊದಲು ಅದರ ವಾಸನೆಯನ್ನೇ ಹೇಳುತ್ತಿದ್ದೆ. ತೋವಿನಕೆರೆ ಸಂತೆಯನ್ನು ನಾನು ನೋಡುವ ಮುಂಚೆ ನಿನ್ನ ಬಾಯಿಂದಲೇ ಮೂಸಿದ್ದೆ. ಈ ಊರಿನದು ಇನ್ನೂ ಬಂದಿಲ್ಲ.

ಗೌಹರ್


ತಿರುಮಣಿ
6 ಏಪ್ರಿಲ್ 2025

ಒಡತಿಯವರಿಗೆ,

ಯುಗಾದಿಯೂ ಈದೂ ಬೆನ್ನುಬೆನ್ನಿಗೆ ಬಂದಿದ್ದರಿಂದ ಇಲಾಖೆಗೆ ಎರಡು ದಿನ ರಜೆ ಸಿಕ್ಕಿತು. ಚಾಚಾಗೆ ನನ್ನ ತಡವಾದ ಸಲಾಂ.

ಬಾಟಲಿ ಮೂರರ ವೈಭವ ಎಂಟನೆಯ ವಾರವೂ ಮುಂದುವರಿದಿದೆ. ಒಂದನೆಯವರು ಮತ್ತಷ್ಟು ಕುಗ್ಗಿದ್ದಾರೆ, ಆಸೆ ಬಿಡಿ.

ಇನ್ನು ಹೊಸದಾಗಿ ಬಂದ ಐದನೆಯವರು. ಇವರನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ? ಮುಚ್ಚಳ ತೆಗೆದೆ. ನೀನು ಕಾಲೇಜಿನಿಂದ ಬಂದು ಪುಸ್ತಕ ಒಗೆದು ಹೊಸ ಎಣ್ಣೆಯಲ್ಲಿ ಈರುಳ್ಳಿ ಬಾಡಿಸುತ್ತಿದ್ದ ಸಂಜೆಗಳು ಒಟ್ಟಿಗೆ ಎದ್ದು ಬಂದವು. ಗಾಣದ ಮರಕ್ಕೆ ಎಣ್ಣೆ ಕುಡಿದು ಕುಡಿದು ಬಂದ ಹೊಳಪು, ಅದಕ್ಕೆ ಆತುಕೊಂಡ ನನ್ನ ಬೆನ್ನು, ಬೆಚ್ಚಗೆ. ಹೊಚ್ಚಹೊಸ ಎಣ್ಣೆ ಅಕ್ಕ ಇದು, ನಿನ್ನೆ ಆಡಿಸಿದ ಹಾಗಿದೆ. ಇದನ್ನೇ ಲ್ಯಾಬಿಗೆ ಕಳಿಸಿ.

ತಿರುಮಣಿಯ ವಾಸನೆ ಕೇಳಿದ್ದೀರಿ. ಸದರಿ ವಿಷಯ ಪರಿಶೀಲನೆಯಲ್ಲಿದೆ.

ವಿಧೇಯ ಮೂಗು


ತಿರುಮಣಿ
27 ಏಪ್ರಿಲ್ 2025

ಒಡತಿಯವರಿಗೆ,

ವಿಷಯ: ಹಿಂದಿನ ವರದಿ ಕಳಿಸಿ ಇಪ್ಪತ್ತೊಂದು ದಿನಗಳಾದರೂ ಶಿರಾ ಕಡೆಯಿಂದ ಯಾವುದೇ ಉತ್ತರ ಬಾರದಿರುವ ಬಗ್ಗೆ.

ಇಲಾಖೆಯು ಈ ಕೆಳಗಿನ ಊಹೆಗಳನ್ನು ಮಾಡಿದೆ. ಐದನೆಯ ಬಾಟಲಿ ಲ್ಯಾಬಿನಲ್ಲಿ ಗೆದ್ದು, ತಾವು ದೊಡ್ಡವರಾಗಿ, ಫಲಕ ತೊಳೆಯುವವರಿಗೆ ಬರೆಯುವುದು ತಮ್ಮ ಘನತೆಗೆ ಕಡಿಮೆಯಾಗಿರಬಹುದು. ಇಲ್ಲವೇ ತಮ್ಮ ನಿಕಾಹ್ ಗೊತ್ತಾಗಿ, ಬಿರಿಯಾನಿ ಮಿಗಲೆಂದು ನನಗೆ ತಿಳಿಸಿರಲಿಕ್ಕಿಲ್ಲ. ತಿಮ್ಮರಾಜು ಮಾತ್ರ, "ಅಕ್ಕಕಿ ಕೋಪಂ ಒಚ್ಚಿಂದಿ. ನೀ ಮೊಕ ನೋಡಿದ್ರೆ ಯಾರ್ಗಾದ್ರೂ ಬರ್ತೈತೆ" ಎನ್ನುತ್ತಾನೆ.

ಗೇಟಿನಲ್ಲಿ ದಿನಾ ಬಸ್ಸು ಕಾಯುತ್ತೇನೆ. ಕಂಡಕ್ಟರು ದೂರದಿಂದಲೇ ಕೈ ಆಡಿಸಿ ಇಲ್ಲ ಎನ್ನುತ್ತಾರೆ.

ರಂಗೇಶ್


ಶಿರಾ
4 ಮೇ 2025

ರಂಗೇಶ,

ಮೂರನೆಯ ಬಾಟಲಿಯಲ್ಲಿ ಏನೂ ಹಾಕಿರಲಿಲ್ಲ. ಬರೀ ಎಣ್ಣೆ. ಪಾವಗಡದ ಬಿಸಿಲಲ್ಲಿ ಅದು ಒಂದು ತಿಂಗಳು ತಡೆಯುವುದೇ ಕಷ್ಟ. ನೀನು ಅದಕ್ಕೆ ಎದ್ದು ನಿಂತು ನಮಸ್ಕಾರ ಮಾಡಿದಾಗ ಮೊದಲ ಸಲ ಅನುಮಾನ ಬಂತು.

ಐದನೆಯದು ಹೋದ ವರ್ಷದ ಎಣ್ಣೆ. ಸೋಪು ಮಾಡುವವರಿಗೆಂದು ಮೂಲೆಯಲ್ಲಿಟ್ಟಿದ್ದ ಟಿನ್ನಿನದು. ಬಾಟಲಿಗೆ ತುಂಬುವಾಗ ನಾನು ದುಪಟ್ಟಾದಲ್ಲಿ ಮೂಗು ಕಟ್ಟಿಕೊಂಡಿದ್ದೆ.

ನಿನ್ನ ಪತ್ರಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ಅವುಗಳಲ್ಲಿ ಪಾವಗಡದ ಒಂದೇ ಒಂದು ವಾಸನೆ ಇಲ್ಲ. ಎಲ್ಲ ನಮ್ಮ ಗಾಣದ ಮನೆಯವು, ನೀನು ಹದಿನಾಲ್ಕು ವರ್ಷದವನಿದ್ದಾಗಿನವು.

ನಾಲ್ಕು ವಾರ ಬರೆಯಲಿಲ್ಲ, ಏಕೆಂದರೆ ಏನು ಬರೆದರೂ ಬೈಗುಳವಾಗುತ್ತಿತ್ತು. ಇದು ನಿನ್ನ ಕುಚೇಷ್ಟೆಯಾಗಿದ್ದರೆ, ಗಾಣ ಹೋಗುವುದರ ಮೇಲೆ ಚೇಷ್ಟೆ ಮಾಡಿದ್ದೀಯ. ಕುಚೇಷ್ಟೆಯಲ್ಲದಿದ್ದರೆ ಏನೆಂದು ಹೇಳು.

ಗೌಹರ್


ತಿರುಮಣಿ
8 ಮೇ 2025

ಅಕ್ಕ,

ಹೋದ ಅಕ್ಟೋಬರಿನಲ್ಲಿ ನನಗೆ ಹತ್ತು ದಿನ ಜ್ವರ ಬಂದಿತ್ತಲ್ಲ. ಜ್ವರ ಬಿಟ್ಟ ಬೆಳಿಗ್ಗೆ ಅಮ್ಮ ಬೆಣ್ಣೆ ಕಾಯಿಸುತ್ತಿದ್ದಳು. ಎಲೆ ಚಟಪಟ ಅನ್ನುವುದು ಕೇಳಿಸಿತು. ವಾಸನೆ ಬರಲಿಲ್ಲ. ಒಲೆಯ ಹತ್ತಿರ ಹೋಗಿ ಕುಳಿತೆ. ಬಗ್ಗಿ ನೋಡಿದೆ. ಬರಲೇ ಇಲ್ಲ. "ಯಾಕ್ಲಾ ಮಗ ಅಂಗ್ ನೋಡ್ತಿದ್ದೀಯ?" ಅಂದಳು. ಹಸಿವು ಅಂದೆ.

ಆವತ್ತಿನಿಂದ ಇಲ್ಲ. ಸೋಪೂ ಇಲ್ಲ, ಸಗಣಿಯೂ ಇಲ್ಲ.

ಸಂಬಳಕ್ಕೆ ನಾನು ಬಂದದ್ದಲ್ಲ. ನಿಮ್ಮ ಗಾಣದ ಮನೆಯ ಬಾಗಿಲಲ್ಲಿ ನಿಂತು ಏನೂ ಬರದೇ ಇದ್ದದ್ದನ್ನು ತಡೆಯಲು ಆಗಲಿಲ್ಲ. ಚಾಚಾ ಎಣ್ಣೆ ಮುಂದೆ ಹಿಡಿದು "ಕೈಸಾ ಹೈ?" ಅಂದಾಗ ಎರಡು ಸಲ "ಭಲೇ" ಅಂದುಬಿಟ್ಟಿದ್ದೆ. ಮೂರನೆಯ ಸಲಕ್ಕೆ ಮೊದಲು ಓಡಿಬಂದೆ. ಗಾಜಿಗೆ ವಾಸನೆ ಇರುವುದಿಲ್ಲ. ಇಲ್ಲಿದ್ದರೆ ಕಳೆದುಕೊಂಡದ್ದು ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

ಬಾಟಲಿ ಬಂದ ದಿನವೇ ಹೇಳಬೇಕಿತ್ತು. ನೀನು ಮೂಗು ಮೂಗು ಅಂತ ಬರೆದಿದ್ದೆ. ಅದಿಲ್ಲದ ನಾನು ನಿನಗೆ ಯಾರು ಎಂದು ಗೊತ್ತಾಗಲಿಲ್ಲ. ಒಂದು ವಾರ ಸುಳ್ಳು ಬರೆದು ನೋಡೋಣ ಎಂದುಕೊಂಡೆ. ಬರೆಯುತ್ತಾ ಕುಳಿತರೆ, ಅಕ್ಕ, ಆ ಸುಟ್ಟ ಕಡಲೆಕಾಯಿ ಅರೆಕ್ಷಣ ನಿಜವಾಗಿಯೂ ಬಂದ ಹಾಗಾಗುತ್ತಿತ್ತು. ಪೆನ್ನು ಎತ್ತಿದರೆ ಹೋಗುತ್ತಿತ್ತು. ಅದಕ್ಕೇ ಅಷ್ಟುದ್ದ ಬರೆದೆ.

ಗಾಣ ನನ್ನಿಂದ ಹೋಗುತ್ತೆ ಅನ್ನುವುದು ಗೊತ್ತಿದ್ದೂ ಬರೆದೆ. ಬೈಯಿ.

ರಂಗೇಶ


ಶಿರಾ
14 ಮೇ 2025

ಲೇ ಕತ್ತೆ,

ಬೈದಾಯಿತು. ಈಗ ಕೇಳು.

ಸುಳ್ಳು ಹೇಳಿದ್ದು ನೀನು, ಬಾಟಲಿಗಳಲ್ಲ. ಅವು ಹದಿಮೂರು ವಾರದಿಂದ ಅದೇ ಕಿಟಕಿಯಲ್ಲಿ ಬಿಸಿಲು ಕಾಯುತ್ತಾ ಸುಮ್ಮನೆ ನಿಂತಿವೆ. ದಾಸಮ್ಮನಿಗೆ ಬೇಕಾದದ್ದು ಮೂರು ತಿಂಗಳು, ಅದು ಈಗ ಮುಗಿದಿದೆ. ಕಳೆದುಹೋದದ್ದು ನಿನ್ನ ವರ್ಣನೆ ಮಾತ್ರ. ಅದನ್ನು ಅಬ್ಬಾ ಹೇಗಿದ್ದರೂ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ.

ಅಲ್ಲಿ ಬೇರೆಯವರಿಗೆ ಮೂಗಿದೆಯಲ್ಲ? ಇಬ್ಬರನ್ನು ಹಿಡಿ. ಕಣ್ಣಿಗೆ ಬಟ್ಟೆ ಕಟ್ಟು, ಬಾಟಲಿಗಳ ಜಾಗ ಬದಲಾಯಿಸಿ ಎರಡೆರಡು ಸಲ ಮೂಸಿಸು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರಿ. ನಿನ್ನದು ಒಂದಕ್ಷರ ಸೇರಿಸಿದರೆ ಬಸ್ಸು ಹತ್ತಿ ಬಂದು ಹೊಡೆಯುತ್ತೇನೆ. ಜೂನ್ ಮೂರಕ್ಕೆ ಲಾರಿ ಬರುತ್ತದೆ. ಹೋಟೆಲಿನವರು ಬಂದು ಟೇಪಿನಲ್ಲಿ ಗಾಣದ ಅಳತೆ ತೆಗೆದುಕೊಂಡು ಹೋದರು. ಅಬ್ಬಾ ಆವತ್ತು ಊಟ ಮಾಡಲಿಲ್ಲ.

ನೀನು ಎರಡು ಸಲ "ಭಲೇ" ಅಂದದ್ದು ಸುಳ್ಳೆಂದು ಅವರಿಗೆ ಆಗಲೇ ಗೊತ್ತಾಗಿತ್ತಂತೆ. ಎರಡನೆಯ ಸಲ ನಿನ್ನ ಮುಂದೆ ಹಿಡಿದಿದ್ದು ಎಣ್ಣೆಯಲ್ಲ, ಬೆಲ್ಲದ ನೀರಂತೆ. "ಬಚ್ಚಾ ತಾನಾಗೇ ಹೇಳ್ಲಿ ಅಂತ ಕಾಯ್ತಿದ್ದೆ" ಅಂದರು. ನನಗೂ ಹೇಳಿರಲಿಲ್ಲ ನೋಡು.

ಗೌಹರ್


ತಿರುಮಣಿ
19 ಮೇ 2025

ಅಕ್ಕ,

ತಿಮ್ಮರಾಜು ಮತ್ತು ಕ್ಯಾಂಟೀನಿನ ಅಡಿಗೆಯವರು ಚಿಕ್ಕನರಸಯ್ಯ, ಇವರಿಬ್ಬರ ಕಣ್ಣಿಗೆ ಫಲಕ ಒರೆಸುವ ಬಟ್ಟೆ (ಒಗೆದದ್ದು) ಕಟ್ಟಿದೆ. ಹೇಳಿದ್ದು ಹೇಳಿದ ಹಾಗೇ:

ಒಂದು. ತಿಮ್ಮರಾಜು: "ಬಾಗುಂದಿ." ಚಿಕ್ಕನರಸಯ್ಯ: "ಚಂದಾಗೈತೆ. ಎಲ್ಲೋ ತಾಂಬೂಲದ ತಟ್ಟೆ ಪಕ್ಕ ಕುಂತಂಗೈತೆ."
ಎರಡು. ತಿಮ್ಮರಾಜು: "ಪರ್ವಾಲೇದು." ಚಿಕ್ಕನರಸಯ್ಯ: "ಒಗ್ಗರಣೆಗಾದ್ರೆ ಆಯ್ತದೆ. ಕರಿಯಕ್ಕೆ ಬ್ಯಾಡ."
ಮೂರು. ತಿಮ್ಮರಾಜು: "ಛೀ." ಚಿಕ್ಕನರಸಯ್ಯ: "ಥೂ."
ನಾಲ್ಕು. ತಿಮ್ಮರಾಜು: "ಬಾಗುಂದಿ." ಚಿಕ್ಕನರಸಯ್ಯ: "ಇದ್ಕೆ ವಾಸ್ನೇನೇ ಇಲ್ಲ ಕಣ್ಲಾ. ಕೆಟ್ಟಿಲ್ಲ."
ಐದು. ತಿಮ್ಮರಾಜು ಬಟ್ಟೆ ಕಿತ್ತೆಸೆದು ಬಾಗಿಲಾಚೆ ಓಡಿದ. ದೂರದಿಂದ "ಛೀ ಛೀ ಛೀ" ಎಂದು ಮೂರು ಸಲ ಕೇಳಿಸಿತು. ಚಿಕ್ಕನರಸಯ್ಯ ನನ್ನ ಅಪ್ಪ ಅಮ್ಮನನ್ನು ನೆನೆಸಿಕೊಂಡರು. ಅದನ್ನು ಪುಸ್ತಕಕ್ಕೆ ಅಂಟಿಸುವಂತಿಲ್ಲ.

ಎರಡನೆಯ ಸುತ್ತಿನಲ್ಲೂ ಒಂದೇ ಒಂದು ಪದ ಬದಲಾಗಲಿಲ್ಲ. ಮೂರು ತಿಂಗಳು ನಾನು ಪುಟಗಟ್ಟಲೆ ಬರೆದದ್ದನ್ನು ತಿಮ್ಮರಾಜು ಮೂರು ಪದದಲ್ಲಿ ಮುಗಿಸಿದ.

ನನ್ನದೂ ಒಂದಿದೆ, ಬೇಕಾದರೆ ಸೇರಿಸು. ಪ್ರತಿಯೊಂದನ್ನೂ ಬಿಸಿ ಅನ್ನಕ್ಕೆ ಹಾಕಿಕೊಂಡು ಉಪ್ಪಿನ ಜೊತೆ ನುಂಗಿದೆ. ಮೂರೂ ಐದೂ ಗಂಟಲನ್ನು ಕೆರೆದವು. ಒಂದೂ ನಾಲ್ಕೂ ನೀರಿನ ಹಾಗೆ ಇಳಿದವು. ಮೂಗು ಹೋದರೂ ಗಂಟಲಿಗೆ ಬುದ್ಧಿ ಇದೆ.

ರಂಗೇಶ


ಶಿರಾ
4 ಜೂನ್ 2025

ರಂಗೇಶ,

ನಾಲ್ಕು, ಬಿಳಿ ಪುಡಿ, ಹೋಲಿಸಿ ನೋಡುವುದಕ್ಕೆ ಮಾತ್ರ. ಎರಡು, ಕರಿಬೇವು. ಒಂದು, ವೀಳ್ಯದೆಲೆ. ನಿಮ್ಮಮ್ಮನ ಎಲೆ. ಅದನ್ನೇ ನೀನು ಹಳೆಯ ಕೋಟಿನ ಜೇಬು ಅಂದದ್ದು. ನಿಮ್ಮಮ್ಮ ಗಂಗಲಕ್ಷ್ಮಮ್ಮನಿಗೆ ಫೋನ್ ಮಾಡಿ ಹೇಳಿದ್ದೇನೆ, ಊರಿಗೆ ಹೋದಾಗ ತಲೆ ಕಾಪಾಡಿಕೋ. ನಿನ್ನ ಮೂಗಿನ ವಿಷಯ ಮಾತ್ರ ಹೇಳಿಲ್ಲ. ಅದನ್ನು ನೀನೇ ಹೇಳು.

ಆ ವೀಳ್ಯದೆಲೆ ಎಣ್ಣೆಯ ಇನ್ನೊಂದು ಬಾಟಲಿ ಇಲ್ಲಿಟ್ಟಿದ್ದೆ. ಲ್ಯಾಬಿಗೆ ಕಳಿಸಿದೆ, ಕೆಟ್ಟಿಲ್ಲವೆಂದು ಬರೆದು ಕೊಟ್ಟರು. ದಾಸಮ್ಮ ಆ ಕಾಗದವನ್ನು ಪಕ್ಕಕ್ಕಿಟ್ಟು, ತಿಮ್ಮರಾಜುವಿನ ಮಾತನ್ನೇ ಎರಡು ಸಲ ಓದಿಸಿಕೊಂಡರು. "ಇವ್ನ್ಯಾರೋ ನಿಜ ಯೋಳೋನು ಕಣವ್ವ" ಅಂದರು. ಮುಂದಿನ ತಿಂಗಳಿಂದ ಎಣ್ಣೆ ನಮ್ಮದೇ.

ನಿನ್ನೆ ಲಾರಿ ಬಂತು. ಅಬ್ಬಾ ಗಾಣಕ್ಕೆ ಕಡಲೆಬೀಜ ಸುರಿದು, ಒಂದು ಹಿಡಿ ಒಣಗಿದ ಎಲೆ ಹಾಕಿ, ಮೋಟಾರು ಹಚ್ಚಿ, ಆಮೇಲೆ ಬಾಗಿಲು ತೆಗೆದರು. "ನಡೀತಾ ಇರೋ ಗಾಣ ಹೆಂಗೆ ಕೊಡೋದು ಸಾಹೇಬ್ರೆ, ನೀವೇ ಹೇಳಿ" ಅಂದರು. ಡ್ರೈವರು ಒಂದು ಲೀಟರ್ ಎಣ್ಣೆ ಹಿಡಿದುಕೊಂಡು ಖಾಲಿ ಲಾರಿಯಲ್ಲಿ ಹಿಂದಿರುಗಿದ.

ಇನ್ನು ನಿನ್ನ ವಿಷಯ. ಆಸ್ಪತ್ರೆಯಲ್ಲಿ ಕೇಳಿದೆ. ಜ್ವರದಿಂದ ಹೋದ ಮೂಗು ಕೆಲವರಿಗೆ ಮೆಲ್ಲಗೆ ಹಿಂದಕ್ಕೆ ಬರುತ್ತದಂತೆ, ಕೆಲವರಿಗೆ ಇಲ್ಲವಂತೆ. ದಿನಾ ಎರಡು ಹೊತ್ತು ಅದೇ ನಾಲ್ಕೈದು ವಾಸನೆಗಳನ್ನು ಮನಸ್ಸಿಟ್ಟು ಮೂಸಬೇಕಂತೆ. ಬಾಟಲಿಗಳನ್ನು ಎಸೆಯಬೇಡ. ಐದನೆಯದನ್ನೂ ಎಸೆಯಬೇಡ. ದಿನಾ ಮೂಸು. ಬಂದರೆ ಬರಿ. ಬರದಿದ್ದರೆ ಬರೆಯಬೇಡ. ಗಾಣದ ಮನೆಯಲ್ಲಿ ನಿನ್ನ ಜಾಗಕ್ಕೆ ಬೇರೆ ಯಾರನ್ನೂ ತೆಗೆದುಕೊಂಡಿಲ್ಲ, ಮೂಗಿದ್ದರೂ ಇಲ್ಲದಿದ್ದರೂ ಅದು ನಿನ್ನದೇ.

ಗೌಹರ್


ತಿರುಮಣಿ
21 ಸೆಪ್ಟೆಂಬರ್ 2025

ಶಿರಾ ಪಟ್ಟಣದ ಸಮಸ್ತ ಜಿಡ್ಡು ಪದಾರ್ಥಗಳ ಒಡತಿಯವರಿಗೆ,

ವಿಷಯ: ಬಾಟಲಿ ಐದು.

ಇಂದು ಮಧ್ಯಾಹ್ನ ಮೂರು ಗಂಟೆಗೆ, ಹಳದಿ ಬೆಳಕುಗಳು ಗೋಡೆ ದಾಟುತ್ತಿದ್ದಾಗ, ಎಂದಿನಂತೆ ಒಂದೊಂದೇ ಮುಚ್ಚಳ ತೆಗೆದೆ. ಒಂದು, ಏನಿಲ್ಲ. ಎರಡು, ಏನಿಲ್ಲ. ಮೂರು, ನಾಲ್ಕು, ಏನಿಲ್ಲ.

ಐದು.

ಛೀ.

ತಿಮ್ಮರಾಜು ಸಾಕ್ಷಿ. ಇನ್ನೊಂದು ಸಲ ಮೂಸಿದೆ. ಮತ್ತೆ ಛೀ. ಅಕ್ಕ, ಕುಣಿದುಬಿಟ್ಟೆ.

ರಂಗೇಶ